ಬುತ್ತಿ ಯಾರದು, ಭಾರ ಯಾರದು?

ಗೋವಿನಜೋಳದ ರಾಶಿ ಮುಗಿದು, ಚಳಿ ಬಿದ್ದು, ಶಾಲೆಗಳಿಗೆ ಕ್ರಿಸ್ಮಸ್ ರಜೆ ಹತ್ತಿರವಾಯಿತೆಂದರೆ ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರು ಭಾಗದ ತರುಣರಲ್ಲಿ ಒಂದು ಮಾತು ಶುರುವಾಗುತ್ತದೆ. "ಎಲ್ಲಾರೂ ಕೂಡಿ ಎರಡು ದಿನ ಎಲ್ಲಿಗೆರ ಹೋಗಿ ಬರೂಣು" ಎಂದು ಒಬ್ಬ ಹೇಳುತ್ತಾನೆ. ಇನ್ನೊಬ್ಬ ದಾಂಡೇಲಿ ಎನ್ನುತ್ತಾನೆ, ಮತ್ತೊಬ್ಬ ಗೋಕರ್ಣದ ಕಡಲ ದಂಡೆ ಎನ್ನುತ್ತಾನೆ. ಡೇರೆ ಎಲ್ಲಿ ಬಾಡಿಗೆಗೆ ಸಿಗುತ್ತದೆ, ಕ್ರೂಸರ್ ಗಾಡಿಗೆ ಎಷ್ಟು, ಅಡಿಗೆ ಯಾರು ಮಾಡುವುದು ಎಂಬ ಚರ್ಚೆ ನಡೆಯುತ್ತದೆ. ಸಂಜೆಯ ಹೊತ್ತಿಗೆ ಲೆಕ್ಕ ಸಿದ್ಧವಾಗಿ, ತಲೆಗೆ ಇಷ್ಟು ಎಂದು ಪಟ್ಟಿ ಹಾಕಲಾಗುತ್ತದೆ. ಆಗ ಗುಂಪಿನಲ್ಲಿ ಒಬ್ಬ ಮೆಲ್ಲಗೆ ಹೇಳುತ್ತಾನೆ: "ಈ ಸಲ ನನಗ ಆಗಂಗಿಲ್ಲಪಾ. ಹೊಲದಾಗ ಕೆಲಸ ಐತಿ. ನೀವು ಹೋಗಿ ಬರ್ರಿ."

ಆ ವಾರ ಅವನ ಹೊಲದಲ್ಲಿ ಯಾವ ಕೆಲಸವೂ ಇಲ್ಲವೆಂದು ಉಳಿದವರಿಗೆ ಗೊತ್ತಿರುತ್ತದೆ. ಆದರೂ ಯಾರೂ ಕೇಳುವುದಿಲ್ಲ. ಒಂದು ಕ್ಷಣ ಸುಮ್ಮನಿದ್ದು ಮತ್ತೆ ಗಾಡಿಯ ಮಾತಿಗೆ ಹೋಗುತ್ತಾರೆ.

ಬಹಳ ಚಿಕ್ಕದಾಗಿ ಕಾಣುವ ಈ ಸಂಗತಿಯಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಗೆಳೆಯರು ಕೂಡಿ ಸಂತೋಷಪಡಲು ಹೊರಟಾಗ ಆ ಸಂತೋಷದ ಬುತ್ತಿಯನ್ನೂ ಭಾರವನ್ನೂ ಹೇಗೆ ಹಂಚಿಕೊಳ್ಳಬೇಕು? ಎಲ್ಲರಿಗೂ ಒಂದೇ ಪಾಲು ಹಾಕಿದರೆ ನ್ಯಾಯವಾಯಿತೇ? ಹಣ ಇಲ್ಲದವನು ಮನೆಯಲ್ಲಿ ಉಳಿದರೆ ಅದು ಅವನ ಹಣೆಬರಹವೇ, ಅಥವಾ ಉಳಿದವರಿಗೂ ಅದರಲ್ಲಿ ಹೊಣೆ ಇದೆಯೇ? ಈ ವಾರ ಈ ಪ್ರಶ್ನೆಯನ್ನು ಕುಟುಂಬದವರೆಲ್ಲ ಕೂಡಿ ಯೋಚಿಸೋಣ.

ಸಂತೋಷಪಡುವುದು ತಪ್ಪೇ?

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕು. "ಬಡವರಿರುವ ನಾಡಿನಲ್ಲಿ ಡೇರೆ ಹೊಡೆದು ಮೋಜು ಮಾಡುವುದೇ ತಪ್ಪಲ್ಲವೇ? ಆ ಹಣವನ್ನು ದಾನ ಮಾಡಬಾರದೇ?" ಎಂದು ಕೆಲವು ಭಕ್ತರು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಧರ್ಮಸಭೆ ವಿನೋದವನ್ನು ಎಂದೂ ಪಾಪವೆಂದು ಕರೆದಿಲ್ಲ. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟ ವಿನೋದಗಳಲ್ಲಿ ಸದ್ಗುಣ ಇರಬಹುದೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ಇರಬಹುದು ಎಂದು ಉತ್ತರಿಸಿದ್ದಾರೆ. ಅಲ್ಲಿ ಅವರು ಪ್ರೇಷಿತ ಸಂತ ಯೊವಾನ್ನರ ಬಗ್ಗೆ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರು. ಯೊವಾನ್ನರು ಬಿಲ್ಲು ಹಿಡಿದಿದ್ದ ಒಬ್ಬನನ್ನು ಕರೆದು ಬಾಣ ಬಿಡಲು ಹೇಳಿದರು. ಅವನು ಒಂದರ ಮೇಲೊಂದು ಬಿಟ್ಟ. ಹೀಗೆಯೇ ಎಡೆಬಿಡದೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ. ಮನಸ್ಸೂ ಹಾಗೆಯೇ ಎಂದು ಯೊವಾನ್ನರು ತಿಳಿಸಿದರು. ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನೂ ನಗದೆ ಇತರರ ನಗುವನ್ನೂ ಸಹಿಸದೆ ಮುಖ ಗಂಟಿಕ್ಕಿಕೊಂಡಿರುವುದು ಒಂದು ದೋಷವೆಂದೇ ಹೇಳಿದ್ದಾರೆ.

ಯೇಸುಸ್ವಾಮಿಯು ಪ್ರೇಷಿತರು ದಣಿದು ಬಂದಾಗ ಅವರನ್ನು ಜನರಿಂದ ದೂರ, ಏಕಾಂತ ಸ್ಥಳಕ್ಕೆ ಕರೆದುಕೊಂಡು ಹೋಗಿ ವಿಶ್ರಾಂತಿ ಪಡೆಯಲು ಹೇಳಿದರೆಂದು ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹಳೆಯ ಒಡಂಬಡಿಕೆಯಲ್ಲಂತೂ ಡೇರೆವಾಸವೇ ಒಂದು ಹಬ್ಬವಾಗಿದೆ. ಸುಗ್ಗಿಯ ಕಾಳನ್ನು ಕಣದಿಂದ ಮನೆಗೆ ತಂದ ಮೇಲೆ ಇಸ್ರಯೇಲರು ಏಳು ದಿನ ಮನೆ ಬಿಟ್ಟು ಎಲೆಗಳ ಗುಡಾರಗಳಲ್ಲಿ ವಾಸಿಸಬೇಕಿತ್ತು. ತಮ್ಮ ಪೂರ್ವಜರು ಮರಳುಗಾಡಿನಲ್ಲಿ ಡೇರೆಗಳಲ್ಲಿದ್ದುದನ್ನು ಮಕ್ಕಳು ಮರೆಯಬಾರದೆಂದು ಯಾಜಕಕಾಂಡದಲ್ಲಿ ಈ ಅಪ್ಪಣೆ ಇದೆ. ಧರ್ಮೋಪದೇಶಕಾಂಡದ 16ನೆಯ ಅಧ್ಯಾಯದಲ್ಲಿ ಇದೇ ಹಬ್ಬದಲ್ಲಿ ಸಂತೋಷಪಡಬೇಕಾದವರ ಹೆಸರುಗಳನ್ನೇ ಹೇಳಲಾಗಿದೆ. ಮಗ, ಮಗಳು, ಆಳು, ದಾಸಿ, ಭೂಮಿಯಿಲ್ಲದ ಲೇವಿಯ, ಊರಿಗೆ ಬಂದು ನೆಲೆಸಿದ ಪರಕೀಯ, ಅನಾಥ, ವಿಧವೆ. ಗಮನಿಸಿ, ಈ ಯಾದಿಯಲ್ಲಿರುವ ಬಹುತೇಕರು ತಲೆಗೆ ಇಷ್ಟು ಎಂದು ಪಟ್ಟಿ ಹಾಕಿದರೆ ಕೊಡಲಾರದವರು. ದೇವರು ಸಂತೋಷಪಡಲು ಅಪ್ಪಣೆ ಕೊಟ್ಟಾಗ ಕೊಡಲಾರದವರ ಹೆಸರುಗಳನ್ನು ಸೇರಿಸಿಯೇ ಕೊಟ್ಟರು.

ಆದ್ದರಿಂದ ಹೊರಡುವುದು ತಪ್ಪಲ್ಲ. ಯಾರನ್ನು ಬಿಟ್ಟು ಹೊರಟೆವು ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು.

ಸಮಪಾಲು ಎಂದರೆ ಸಮವೇ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಂಟು ಮಂದಿ ಗೆಳೆಯರು. ಒಬ್ಬ ಹೈಸ್ಕೂಲ್ ಮಾಸ್ತರ, ಒಬ್ಬ ಬ್ಯಾಂಕಿನಲ್ಲಿ ಗುಮಾಸ್ತ, ಇಬ್ಬರಿಗೆ ಸ್ವಂತ ಅಂಗಡಿ, ಮೂವರು ಸಣ್ಣ ರೈತರು, ಒಬ್ಬ ಗೌಂಡಿಯ ಕೈಕೆಳಗೆ ಕೂಲಿ. ಒಟ್ಟು ಖರ್ಚು 12,000 ರೂಪಾಯಿ, ತಲೆಗೆ 1,500. ಕಾಗದದ ಮೇಲೆ ಇದು ಸರಿಸಮ. ಈಗ ಅದೇ ಹಣವನ್ನು ದುಡಿಮೆಯ ದಿನಗಳಲ್ಲಿ ಎಣಿಸಿ ನೋಡಿ. 2025–26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಆ ಲೆಕ್ಕದಲ್ಲಿ 1,500 ರೂಪಾಯಿ ಎಂದರೆ ಕೂಲಿಯವನ ನಾಲ್ಕು ದಿನದ ಬೆವರು. ಅಷ್ಟಕ್ಕೇ ಮುಗಿಯುವುದಿಲ್ಲ. ಮಾಸ್ತರನಿಗೆ ರಜೆಯಲ್ಲೂ ಸಂಬಳವುಂಟು. ಕೂಲಿಯವನಿಗೆ ಹೋದ ಎರಡು ದಿನ ಕೂಲಿಯೂ ಇಲ್ಲ. ಅಲ್ಲಿಗೆ ಆರು ದಿನದ ದುಡಿಮೆ. ಒಬ್ಬನಿಗೆ ಒಂದು ದಿನದ ಸಂಬಳಕ್ಕಿಂತ ಹೆಚ್ಚಾಗದ ಹಣ ಇನ್ನೊಬ್ಬನಿಗೆ ಇಡೀ ವಾರ.

ಸಮಾನರಲ್ಲದವರಿಗೆ ಒಂದೇ ಅಳತೆ ಹಿಡಿಯುವುದೂ ಅನ್ಯಾಯವಾಗಬಲ್ಲದು ಎಂಬುದನ್ನು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ವಿವರಿಸಿದ. ಸ್ನೇಹವನ್ನು ಅವನು ಮೂರು ಬಗೆಯಾಗಿ ವಿಂಗಡಿಸಿದ. ಲಾಭಕ್ಕಾಗಿ ಇರುವ ಸ್ನೇಹ, ಸುಖಕ್ಕಾಗಿ ಇರುವ ಸ್ನೇಹ, ಗೆಳೆಯನ ಒಳಿತಿಗಾಗಿಯೇ ಇರುವ ಸ್ನೇಹ. ಮೊದಲಿನ ಎರಡು ಬೇಗ ಕಟ್ಟಿ ಬೇಗ ಮುರಿಯುತ್ತವೆ. ಮೂರನೆಯದಕ್ಕೆ ಕಾಲ ಬೇಕು, ಒಡನಾಟ ಬೇಕು, ಬಹಳ ದಿನ ಒಟ್ಟಿಗೆ ಉಪ್ಪು ತಿಂದಿರಬೇಕು ಎಂಬ ಗಾದೆಯನ್ನು ಅವನೂ ನೆನೆದಿದ್ದಾನೆ. ಉಪ್ಪಿನ ಋಣ ಎಂದು ನಾವು ಹೇಳುವುದಿಲ್ಲವೇ? ಎರಡು ದಿನದ ಪ್ರವಾಸ ನಮ್ಮ ಸ್ನೇಹ ಇವುಗಳಲ್ಲಿ ಯಾವುದು ಎಂದು ತೋರಿಸಿಕೊಡುತ್ತದೆ. ಹಣ ಕೊಡುವ ತನಕ ಗೆಳೆಯ, ಕೊಡಲಾಗದಿದ್ದರೆ "ಅವನಿಗೆ ಕೆಲಸ ಐತಂತೆ" ಎಂದಾದರೆ ಅದು ಸುಖದ ಸ್ನೇಹವಾಗಿತ್ತು, ಅಷ್ಟೇ.

ಒಬ್ಬ ತತ್ವಜ್ಞಾನಿ ಹೊಡೆದ ಡೇರೆ

ಗೆಳೆಯರ ಡೇರೆವಾಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಮ್ಮ ಕಾಲದ ತತ್ವಜ್ಞಾನಿಯೊಬ್ಬರು ಒಂದು ಚಿಕ್ಕ ಪುಸ್ತಕ ಬರೆದಿದ್ದಾರೆ. ಜಿ. ಎ. ಕೋಹೆನ್ ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1941ರಲ್ಲಿ ಯೆಹೂದ್ಯ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿ, ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಸಮಾಜವಾದ ಯಾಕೆ ಬೇಡ ಎಂದು ಕೇಳುವ ಆ ಪುಸ್ತಕ 2009ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು. ಅವರು ನಮ್ಮ ವಿಶ್ವಾಸದವರಲ್ಲ, ಮಾರ್ಕ್ಸ್‌ನ ವಿಚಾರಗಳಲ್ಲಿ ಬೆಳೆದವರು. ಆದರೂ ಅವರ ಉದಾಹರಣೆ ನಮಗೆ ಉಪಯುಕ್ತ.

ಗೆಳೆಯರ ಗುಂಪೊಂದು ಬೆಟ್ಟದ ಕಡೆಗೆ ಹೋಗಿ ಡೇರೆ ಹೊಡೆಯುತ್ತದೆ ಎಂದಿಟ್ಟುಕೊಳ್ಳಿ ಎನ್ನುತ್ತಾರೆ ಕೋಹೆನ್. ಒಬ್ಬ ಪಾತ್ರೆ ತಂದಿದ್ದಾನೆ, ಒಬ್ಬ ಎಣ್ಣೆ, ಒಬ್ಬ ಗಾಳದ ಕೋಲು. ಅಲ್ಲಿದ್ದಷ್ಟು ದಿನ ಅವೆಲ್ಲ ಎಲ್ಲರ ಬಳಕೆಗೆ. ಒಬ್ಬ ಮೀನು ಹಿಡಿಯುತ್ತಾನೆ, ಒಬ್ಬ ಅಡಿಗೆ ಮಾಡುತ್ತಾನೆ, ಅಡಿಗೆ ಬಾರದವನು ಪಾತ್ರೆ ತೊಳೆಯುತ್ತಾನೆ. ಈಗ ಮೀನು ಹಿಡಿಯುವುದರಲ್ಲಿ ಜಾಣನಾದವನು "ನಾನು ಹೆಚ್ಚು ಹಿಡಿದೆ, ಒಳ್ಳೆಯ ಮೀನು ನನಗೇ ಬೇಕು" ಎಂದು ಹಟ ಹಿಡಿದರೆ? ಹಣ್ಣಿನ ಮರವೊಂದನ್ನು ಮೊದಲು ಕಂಡವಳು "ಮರ ತೋರಿಸುತ್ತೇನೆ, ಆದರೆ ನನ್ನ ಪಾಲಿನ ಕೆಲಸ ಕಡಿಮೆ ಮಾಡಿ" ಎಂದರೆ? "ಈ ಹೊಂಡವನ್ನು ನಮ್ಮ ಅಪ್ಪ ತೋಡಿ ಒಳ್ಳೆಯ ಮೀನು ಬಿಟ್ಟಿದ್ದ, ಆದ್ದರಿಂದ ನನಗೆ ಮೇಲಾದ ಊಟ ಬೇಕು" ಎಂದು ಒಬ್ಬ ವಾದಿಸಿದರೆ? ಯಾರಿಗಾದರೂ ಅಸಹ್ಯವಾಗುತ್ತದೆ. ಇವನನ್ನು ಯಾಕಾದರೂ ಕರೆತಂದೆವೋ ಎನಿಸುತ್ತದೆ.

ಇಲ್ಲಿ ಕೋಹೆನ್ ಕೇಳುವ ಪ್ರಶ್ನೆ ನಮ್ಮನ್ನು ಚುಚ್ಚಬೇಕು. ಡೇರೆಯ ಮುಂದೆ ಅಸಹ್ಯವೆನಿಸಿದ ನಡತೆ ಊರಿನಲ್ಲಿ, ಪೇಟೆಯಲ್ಲಿ, ಅಪ್ಪನ ಆಸ್ತಿಯ ವಿಷಯದಲ್ಲಿ ನಮಗೆ ಏಕೆ ಸಹಜವೆನಿಸುತ್ತದೆ?

ಅವರು ಕೊಡುವ ಇನ್ನೊಂದು ಉದಾಹರಣೆಯನ್ನು ನಮ್ಮ ಭಾಗಕ್ಕೆ ಹೊಂದಿಸಿ ಹೇಳುತ್ತೇನೆ. ದಿನವೂ ಸ್ವಂತ ಕಾರಿನಲ್ಲಿ ಓಡಾಡುವವನು ಒಂದು ದಿನ ಅನಿವಾರ್ಯವಾಗಿ ಹಾನಗಲ್ಲಿನಿಂದ ಹಾವೇರಿಗೆ ತುಂಬಿದ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕಾಯಿತು ಎನ್ನೋಣ. ಈ ಕಷ್ಟವನ್ನು ಅವನು ಕಾರಿರುವ ಇನ್ನೊಬ್ಬ ಗೆಳೆಯನ ಹತ್ತಿರ ಹೇಳಿಕೊಳ್ಳಬಹುದು. ಅದೇ ಬಸ್ಸಿನಲ್ಲಿ ವರ್ಷವಿಡೀ ನಿಂತು ಹೋಗುವ ಗೆಳೆಯನ ಹತ್ತಿರ ಹೇಳಿಕೊಳ್ಳಲು ಅವನಿಗೆ ಬಾಯಿ ಬರುವುದಿಲ್ಲ. ಬದುಕುಗಳ ಅಂತರ ಬಹಳವಾದಾಗ ಸುಖದುಃಖದ ಮಾತೇ ನಿಂತುಹೋಗುತ್ತದೆ. "ಹೊಲದಾಗ ಕೆಲಸ ಐತಿ" ಎಂಬ ಸುಳ್ಳು ಹುಟ್ಟುವುದೂ ಇಲ್ಲಿಯೇ. ಅದು ಅವನ ದೋಷವಲ್ಲ. ನಿಜ ಹೇಳಬಹುದಾದ ಜಾಗವನ್ನು ನಾವು ಅವನಿಗೆ ಬಿಟ್ಟಿರುವುದಿಲ್ಲ.

ಹಾಗಾದರೆ ಧರ್ಮಸಭೆ ಎಲ್ಲ ಸ್ವಂತ ಆಸ್ತಿಯನ್ನು ತೆಗೆದುಹಾಕಬೇಕು ಎನ್ನುತ್ತದೆಯೇ? ಇಲ್ಲ. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರ ತಮ್ಮ ವಿಶ್ವಪರಿಪತ್ರದಲ್ಲಿ ಸ್ವಂತ ಆಸ್ತಿಯ ಹಕ್ಕನ್ನು ಸ್ಪಷ್ಟವಾಗಿ ಎತ್ತಿಹಿಡಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಭೂಮಿಯ ಸಂಪತ್ತು ಸಕಲ ಮಾನವರಿಗಾಗಿ ಇದೆ ಎಂದು ಬೋಧಿಸಿತು. ಇವೆರಡನ್ನೂ ಕೂಡಿಸುವ ಕೊಂಡಿ ಅಕ್ವಿನಾಸರಲ್ಲಿದೆ. ವಸ್ತುಗಳನ್ನು ಸಂಪಾದಿಸಿ ನೋಡಿಕೊಳ್ಳುವ ಅಧಿಕಾರ ಒಬ್ಬೊಬ್ಬನಿಗೆ ಇರಬಹುದು. ಆದರೆ ಅವುಗಳ ಬಳಕೆಯಲ್ಲಿ ಅವು ತನ್ನವು ಮಾತ್ರ ಎಂದು ಭಾವಿಸಬಾರದು, ಅಗತ್ಯವಿದ್ದವರಿಗೆ ಹಂಚಲು ಸಿದ್ಧನಾಗಿರಬೇಕು ಎಂಬುದು ಅವರ ಬೋಧನೆಯ ಸಾರ. ಡೇರೆಯಲ್ಲಿ ನಡೆಯುವುದು ಇದೇ. ಬೋಗುಣಿ ನಮ್ಮ ಮನೆಯದು, ಮರಳಿ ನಮ್ಮ ಮನೆಗೇ ಬರುತ್ತದೆ. ಒಲೆಯ ಮೇಲಿರುವಷ್ಟು ಹೊತ್ತು ಅದು ಎಲ್ಲರದು.

ನಮ್ಮ ಹೊಲಗಳಲ್ಲಿ ಇರುವ ಪಾಠ

ಇದನ್ನು ಕಲಿಯಲು ಆಕ್ಸ್‌ಫರ್ಡ್‌ಗೆ ಹೋಗಬೇಕಾಗಿಲ್ಲ. ಶೀಗಿ ಹುಣ್ಣಿಮೆಯ ದಿನ ನಮ್ಮ ಭಾಗದ ರೈತರು ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರ್ ಹತ್ತಿಕೊಂಡು, ಹೊಲಕ್ಕೆ ಹೋಗುವುದನ್ನು ನೀವೆಲ್ಲ ಕಂಡಿದ್ದೀರಿ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಹೋಳಿಗೆ, ಬುತ್ತಿಯನ್ನ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ. ಮೊದಲು ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ಆಮೇಲೆ ನೆಂಟರು, ನೆರೆಯವರು, ವರ್ಷವಿಡೀ ದುಡಿದ ಆಳುಗಳು ಎಲ್ಲರೂ ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ. ಆ ಊಟಕ್ಕೆ ಯಾರೂ ತಲೆಗೆ ಇಷ್ಟು ಎಂದು ಪಟ್ಟಿ ಹಾಕಿದ್ದನ್ನು ನಾನು ಕೇಳಿಲ್ಲ. ನಮ್ಮ ಎಷ್ಟೋ ಕ್ರೈಸ್ತ ಕುಟುಂಬಗಳೂ ನೆರೆಯವರ ಕರೆಗೆ ಓಗೊಟ್ಟು ಆ ಬದುವಿನ ಮೇಲೆ ಕುಳಿತು ಉಂಡಿವೆ.

ಮುಯ್ಯಿ ಆಳಿನ ಪದ್ಧತಿಯೂ ಹಾಗೆಯೇ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿ ಹಣ ಕೈ ಬದಲಾಗುವುದಿಲ್ಲ, ಮೈಮುರಿದು ಮಾಡಿದ ಕೆಲಸವೇ ಪಾಲು. ಗೆಳೆಯರ ಗುಂಪಿನಲ್ಲೂ ಹಣವಿಲ್ಲದವನ ಕೈಯಲ್ಲಿ ಬೇರೆ ಸಂಪತ್ತು ಇರುತ್ತದೆ. ಅವನಿಗೆ ತಾಡಪತ್ರಿ ಬಿಗಿಯಲು ಬರುತ್ತದೆ, ಮೂರು ಕಲ್ಲು ಹೂಡಿ ಗಾಳಿಯಲ್ಲೂ ಒಲೆ ಹೊತ್ತಿಸಲು ಬರುತ್ತದೆ, ನೀರಿನ ಆಳ ನೋಡಿ ಹೇಳಲು ಬರುತ್ತದೆ. ಇವುಗಳನ್ನು ಲೆಕ್ಕದಲ್ಲಿ ಹಿಡಿಯದೆ ಬರೀ ನೋಟುಗಳನ್ನು ಎಣಿಸುವವನಿಗೆ ಲೆಕ್ಕ ಬಾರದು ಎಂದೇ ಹೇಳಬೇಕು.

ವಿಮೋಚನಾಕಾಂಡದಲ್ಲಿ ಮನ್ನದ ವೃತ್ತಾಂತ ನೆನಪಿರಲಿ. ಡೇರೆಗಳಲ್ಲಿದ್ದ ಆ ಜನ ಬೆಳಿಗ್ಗೆ ಎದ್ದು ಮನ್ನವನ್ನು ಕೂಡಿಸಿದರು. ಕೆಲವರು ಹೆಚ್ಚು, ಕೆಲವರು ಕಡಿಮೆ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು.

ಒಂದೇ ಒಲೆ, ಒಂದೇ ಪಂಕ್ತಿ

ಹಣಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗೋಡೆ ಇದೆ. ನಮ್ಮ ತಾಲೂಕುಗಳಲ್ಲಿ ಕ್ರೈಸ್ತರು ಕೆಲವೇ ಮಂದಿ. ನಮ್ಮ ಮಕ್ಕಳ ಗೆಳೆಯರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ, ಇರಬೇಕು. ಹೊರಗೆ ಹೋದಾಗ ಯಾರು ಅಡಿಗೆ ಮಾಡುವುದು, ಯಾವ ಪಾತ್ರೆಯಲ್ಲಿ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಎರಡನ್ನು ಬೇರ್ಪಡಿಸಬೇಕು. ಒಬ್ಬ ಮಾಂಸ ತಿನ್ನುವುದಿಲ್ಲ, ಇನ್ನೊಬ್ಬ ಹಲಾಲ್ ಅಲ್ಲದ್ದನ್ನು ತಿನ್ನುವುದಿಲ್ಲ, ಮತ್ತೊಬ್ಬ ತಪಸ್ಸು ಕಾಲದ ಶುಕ್ರವಾರ ಮಾಂಸ ಬಿಡುತ್ತಾನೆ. ಇವು ಮನಸ್ಸಾಕ್ಷಿಯ ವಿಷಯಗಳು. ಇವುಗಳನ್ನು ಗೌರವಿಸಿ, ಎಲ್ಲರೂ ಉಣ್ಣಬಹುದಾದ ಒಂದು ಅಡಿಗೆಯನ್ನಾದರೂ ಮಾಡಬೇಕು. ಆದರೆ ಇಂಥವನ ಕೈಯ ನೀರು ಆಗದು, ಇಂಥವನು ಒಲೆಯ ಹತ್ತಿರ ಬರಬಾರದು ಎನ್ನುವುದು ಮನಸ್ಸಾಕ್ಷಿಯಲ್ಲ, ಮನುಷ್ಯನಿಗೆ ಮಾಡುವ ಅವಮಾನ. ಅದನ್ನು ಸುಮ್ಮನೆ ನೋಡಿಕೊಂಡು ಉಣ್ಣುವವನೂ ಆ ಅವಮಾನದಲ್ಲಿ ಪಾಲುಗಾರ. ಅಂತಿಯೋಕ್ಯದಲ್ಲಿ ಸಂತ ಪೇತ್ರನು ಅನ್ಯಜನಾಂಗದವರ ಪಂಕ್ತಿಯಿಂದ ಹಿಂದೆ ಸರಿದಾಗ ಸಂತ ಪೌಲನು ಅವನನ್ನು ಎಲ್ಲರ ಮುಂದೆಯೇ ತಡೆದು ಕೇಳಿದ.

ಅದೇ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯವನ್ನು ಒಮ್ಮೆ ಮನೆಯಲ್ಲಿ ಓದಿ. ಅಲ್ಲಿನ ಕ್ರೈಸ್ತರು ಪ್ರಭುವಿನ ಭೋಜನಕ್ಕೆಂದು ಕೂಡುತ್ತಿದ್ದರು. ಉಳ್ಳವರು ತಮ್ಮ ಬುತ್ತಿಯನ್ನು ಮುಂಚೆಯೇ ಬಿಚ್ಚಿ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ನೋಡುತ್ತಿದ್ದರು. ಇಲ್ಲದವರನ್ನು ನಾಚಿಕೆಗೆ ಈಡುಮಾಡಿದ್ದೇ ಪೌಲನಿಗೆ ಕಂಡ ದೊಡ್ಡ ತಪ್ಪು. ಪರಮಪ್ರಸಾದದ ಬಗ್ಗೆ ನಮಗಿರುವ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಈ ಬುತ್ತಿಯ ಜಗಳದ ನಡುವೆಯೇ ಬಂದಿದೆ ಎಂಬುದು ಆಕಸ್ಮಿಕವಲ್ಲ.

ಕೊಡುವ ಕೈ, ಪಡೆಯುವ ಕೈ

"ಹಾಗಾದರೆ ಉಳ್ಳವನೇ ಎಲ್ಲರ ಖರ್ಚನ್ನೂ ಕೊಡಲಿ" ಎಂದು ಯಾರಾದರೂ ಹೇಳಬಹುದು. ಇದೂ ಅಷ್ಟು ಸುಲಭವಲ್ಲ. ಎಲ್ಲರ ಮುಂದೆ "ಇವನದೂ ನಾನೇ ಕೊಟ್ಟೇನಿ" ಎಂದು ಹೇಳಿದ ಮಾತು ಎರಡು ದಿನವೂ ಗೆಳೆಯನ ಗಂಟಲಲ್ಲಿ ಮುಳ್ಳಾಗುತ್ತದೆ. ದಾನ ಮಾಡುವಾಗ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿ ಬೋಧಿಸಿದ್ದು ಇಂಥ ಸಂದರ್ಭಗಳಿಗಾಗಿಯೇ.

ಇದಕ್ಕಿಂತ ಉತ್ತಮವಾದ ದಾರಿ, ಯೋಜನೆಯನ್ನೇ ಹಗುರ ಮಾಡುವುದು. ದಾಂಡೇಲಿಯ ರೆಸಾರ್ಟ್ ಬಿಟ್ಟು ಹತ್ತಿರದ ಜಾಗ ನೋಡಿ. ಹಾನಗಲ್ಲಿನ ಆನೆಕೆರೆ ಇದೆ. ಹಿಂದೆ ಹಿರೇಕೆರೂರು ತಾಲೂಕಿನಲ್ಲಿದ್ದು ಈಗ ರಟ್ಟೀಹಳ್ಳಿಗೆ ಸೇರಿರುವ ಮಾಸೂರಿನ ಮದಗದ ಕೆರೆ ಇದೆ. ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಕಟ್ಟಿದ ಆ ಕೆರೆಯ ಕೋಡಿ ಬಿದ್ದಾಗ ನೀರು ಧುಮುಕುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಹಗಲಲ್ಲಿ ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯ ನವಿಲುಗಳನ್ನು, ಕನಕದಾಸರ ಬಾಡವನ್ನು ನೋಡಬಹುದು. ಸವಣೂರಿನ ದೊಡ್ಡಹುಣಸೆ ಮರಗಳ ಬುಡದಲ್ಲಿ ನಿಂತು ಕತ್ತೆತ್ತಿ ನೋಡಬಹುದು. ಆಫ್ರಿಕಾ ಮೂಲದ ಆ ಮೂರು ಹಿರಿಯ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ರಾತ್ರಿ ಉಳಿಯಲು ಗೆಳೆಯನೊಬ್ಬನ ತೋಟ ಸಾಕು. ಹೋಗಲು ಸಾರಿಗೆ ಬಸ್ಸು, ಮಲಗಲು ಮನೆಯ ತಾಡಪತ್ರಿ ಮತ್ತು ಕೌದಿ, ಅಡಿಗೆಗೆ ಪ್ರತಿ ಮನೆಯಿಂದ ಅಕ್ಕಿ ಬೇಳೆ. ಆಗ 1,500ರ ಪಟ್ಟಿ 300ಕ್ಕೆ ಇಳಿಯುತ್ತದೆ. ಆ ಮುನ್ನೂರನ್ನೂ ಒಂದು ಡಬ್ಬಿಯಲ್ಲಿ ಹಾಕಿಸಿ, ಯಾರು ಎಷ್ಟು ಹಾಕಿದರೆಂದು ನೋಡದಿದ್ದರೆ ಇನ್ನೂ ಒಳ್ಳೆಯದು. ದೇವಾಲಯದ ಕಾಣಿಕೆ ಪೆಟ್ಟಿಗೆಯಲ್ಲಿ ವಿಧವೆಯ ಎರಡು ಕಾಸು ಬಿದ್ದಾಗ ಅದರ ಬೆಲೆ ತಿಳಿದದ್ದು ಯೇಸುವಿಗೆ ಮಾತ್ರ.

ಪಡೆಯುವವನಿಗೂ ಒಂದು ಮಾತು. ಗೆಳೆಯರು ಪ್ರೀತಿಯಿಂದ ಕರೆದಾಗ ಬರೀ ಸ್ವಾಭಿಮಾನದಿಂದ ಹಿಂದೆ ಸರಿಯಬೇಡಿ. ತನ್ನ ಪಾದಗಳನ್ನು ತೊಳೆಯಲು ಬಂದ ಪ್ರಭುವಿಗೆ ಪೇತ್ರನು ಬೇಡವೆಂದ. ಪಡೆಯಲು ಒಪ್ಪದಿದ್ದರೆ ತನ್ನಲ್ಲಿ ಪಾಲೇ ಇಲ್ಲವೆಂದು ಪ್ರಭು ಹೇಳಿದಾಗ ಮಣಿದ. ಕೊಡುವುದಕ್ಕೆ ಉದಾರತೆ ಬೇಕು, ಪಡೆಯುವುದಕ್ಕೆ ದೀನತೆ ಬೇಕು. ಕೆಲಸ ಮಾಡಬಲ್ಲವನು ಮಾಡದೆ ಕುಳಿತು ಉಣ್ಣುವುದು ಬೇರೆ ಮಾತು, ಅದನ್ನು ಪೌಲನೂ ಖಂಡಿಸಿದ್ದಾನೆ. ಕೊಡಲಾರದವನನ್ನೂ ಕೊಡದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಫೋಟೋದಲ್ಲಿ ಇಲ್ಲದವರು

ಪ್ರವಾಸದ ಫೋಟೋಗಳಲ್ಲಿ ಎಂಟು ನಗುಮುಖಗಳು ಕಾಣುತ್ತವೆ. ಆ ಎಂಟು ಮಂದಿಗಾಗಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದ ತಾಯಂದಿರು ಕಾಣುವುದಿಲ್ಲ. ಗಂಡ ಡೇರೆಯಲ್ಲಿದ್ದ ಎರಡು ದಿನ ದನಗಳಿಗೆ ಮೇವು ಹಾಕಿ, ಹಾಲು ಹಿಂಡಿ, ಜ್ವರದ ಮಗುವನ್ನು ನೋಡಿಕೊಂಡ ಹೆಂಡತಿ ಕಾಣುವುದಿಲ್ಲ. ಸಂತೋಷದ ಭಾರವನ್ನು ಅವರ ತಲೆಯ ಮೇಲಿಟ್ಟು ನಾವು ಹಗುರಾಗಿ ಹೋಗುವುದು ನ್ಯಾಯವಲ್ಲ. ನೀವು ಹೋಗುವ ಮೊದಲು "ನೀ ಯಾವಾಗ ನಿನ್ನ ಗೆಳತ್ಯಾರ ಜೋಡಿ ಹೊಕ್ಕೀ?" ಎಂದು ಹೆಂಡತಿಯನ್ನು ಕೇಳಿ, ಆ ದಿನಗಳಲ್ಲಿ ಮನೆಯ ಒಲೆ ನೀವು ಹೊತ್ತಿಸಿ. ಕುಟುಂಬಗಳೆಲ್ಲ ಕೂಡಿ ಹೋಗುವುದಾದರೆ ಅಲ್ಲಿಯೂ ಹೆಂಗಸರೇ ಹೊಗೆಯ ಮುಂದೆ ಕುಳಿತು ಗಂಡಸರು ಇಸ್ಪೀಟು ಆಡುವಂತಾಗಬಾರದು.

ನಾವು ಕುಳಿತು ಎದ್ದ ನೆಲಕ್ಕೂ ಒಬ್ಬ ಒಡೆಯನಿದ್ದಾನೆ. ಹೊಲದವನನ್ನು ಕೇಳಿ ಡೇರೆ ಹೊಡೆಯಿರಿ. ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಉಳಿಯಬೇಡಿ. ಒಣ ಹುಲ್ಲಿನ ಹತ್ತಿರ ಬೆಂಕಿ ಹಾಕಬೇಡಿ, ಎದ್ದು ಹೋಗುವಾಗ ನೀರು ಹೊಯ್ದು ಬೂದಿಯನ್ನು ಕೈಯಿಂದ ಮುಟ್ಟಿ ನೋಡಿ. ಕುಡಿದು ಕೆರೆಗೆ ಇಳಿದವರ ಮನೆಗಳಲ್ಲಿ ಆಮೇಲೆ ಏನಾಗುತ್ತದೆಂದು ಗುರುಗಳಿಗೆ ಚೆನ್ನಾಗಿ ಗೊತ್ತು. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಪಾಳೆಯದಲ್ಲಿದ್ದವರು ಬಹಿರ್ದೆಸೆಗೆ ಹೋಗುವಾಗ ಸಲಿಕೆ ಒಯ್ದು, ಗುಂಡಿ ತೋಡಿ, ಮಣ್ಣು ಮುಚ್ಚಬೇಕೆಂಬ ನಿಯಮವಿದೆ ಎಂದು ಹೇಳಿದರೆ ತರುಣರು ನಗುತ್ತಾರೆ. ದೇವರು ಪಾಳೆಯದ ನಡುವೆ ನಡೆದಾಡುತ್ತಾರೆ, ಆದ್ದರಿಂದ ಅದು ಶುಚಿಯಾಗಿರಬೇಕು ಎಂಬುದು ಅಲ್ಲಿ ಕೊಟ್ಟ ಕಾರಣ. ನಾವು ಬಿಟ್ಟು ಬಂದ ಪ್ಲಾಸ್ಟಿಕ್ ತಟ್ಟೆ, ಒಡೆದ ಬಾಟಲಿಗಳನ್ನು ನಾಳೆ ಯಾರೋ ಬರಿಗಾಲಿನ ಕುರಿಗಾಹಿ ತುಳಿಯುತ್ತಾನೆ. ಅವನೂ ನಮ್ಮ ಲೆಕ್ಕದಲ್ಲಿ ಇರಬೇಕು.

ಇನ್ನು ಭಾನುವಾರದ ಬಲಿಪೂಜೆ. ಪ್ರವಾಸವೆಂದು ಅದನ್ನು ಬಿಡಬೇಕಾಗಿಲ್ಲ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಆ ಕರ್ತವ್ಯ ನೆರವೇರುತ್ತದೆ. ಯೋಜನೆ ಮಾಡುವಾಗಲೇ ಹತ್ತಿರದ ದೇವಾಲಯದ ಪೂಜೆಯ ವೇಳೆ ಕೇಳಿಕೊಂಡರೆ ಸಾಕು.

ಡೇರೆ ಮಡಚಿದ ಮೇಲೆ

ಕೋಹೆನ್ ಅವರ ವಾದಕ್ಕೆ ಹಲವರು ಉತ್ತರ ಬರೆದರು. ಎರಡು ದಿನ ಗೆಳೆಯರ ನಡುವೆ ಸಾಧ್ಯವಾದದ್ದು ಕೋಟ್ಯಂತರ ಅಪರಿಚಿತರ ನಡುವೆ ಸಾಧ್ಯವಿಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದ ಆಕ್ಷೇಪ. ಅಂಥ ಸಮಾಜವನ್ನು ನಡೆಸುವ ಉಪಾಯ ಇನ್ನೂ ನಮಗೆ ತಿಳಿದಿಲ್ಲವೆಂದು ಕೋಹೆನ್ ಅವರೂ ಒಪ್ಪಿಕೊಂಡಿದ್ದರು. ಇಡೀ ದೇಶದ ಲೆಕ್ಕವನ್ನು ನಾವು ಈ ಪುಟದಲ್ಲಿ ತೀರ್ಮಾನಿಸಲಾರೆವು. ಆದರೆ ದೇಶಕ್ಕೂ ಎಂಟು ಮಂದಿ ಗೆಳೆಯರಿಗೂ ನಡುವೆ 40 ಕುಟುಂಬಗಳ ಧರ್ಮಕೇಂದ್ರ ಇದೆ, ಒಂದು ಓಣಿ ಇದೆ, ಅಣ್ಣತಮ್ಮಂದಿರ ಎರಡು ಮನೆಗಳಿವೆ. ಇಲ್ಲಿ ಎಲ್ಲರಿಗೂ ಎಲ್ಲರ ಹೆಸರು ಗೊತ್ತು. ಇಲ್ಲಿಯೂ ಆಗುವುದಿಲ್ಲ ಎನ್ನಲು ನಮಗೆ ಯಾವ ನೆಪವಿದೆ?

ಬೆಟ್ಟದ ಮೇಲೆ ಪ್ರಭುವಿನ ರೂಪಾಂತರವನ್ನು ಕಂಡ ಪೇತ್ರನಿಗೆ ಅಲ್ಲಿಯೇ ಮೂರು ಡೇರೆ ಹಾಕಿ ಉಳಿಯುವ ಆಸೆಯಾಯಿತು. ಪ್ರಭು ಅವನನ್ನು ಕೆಳಗೆ ಕರೆತಂದರು. ಕೆಳಗೆ ರೋಗಿ ಮಗನನ್ನು ಹಿಡಿದುಕೊಂಡು ಒಬ್ಬ ತಂದೆ ಕಾಯುತ್ತಿದ್ದ. ಒಳ್ಳೆಯ ಪ್ರವಾಸವೂ ನಮ್ಮನ್ನು ಸೋಮವಾರಕ್ಕೆ ಮರಳಿಸಬೇಕು. ಡೇರೆಯಲ್ಲಿ ಬೋಗುಣಿ ಎಲ್ಲರದಾಗಿತ್ತು. ಊರಿಗೆ ಬಂದ ಮೇಲೆ ನೆರೆಯವನ ಮಗಳ ಕಾಲೇಜಿನ ಫೀ ಕಟ್ಟುವ ದಿನ ಬಂದಾಗ ನಮ್ಮ ಕೈ ಹೇಗೆ ಚಾಚುತ್ತದೆ ಎಂಬುದರಲ್ಲಿ ಆ ಎರಡು ದಿನಗಳ ಬೆಲೆ ತಿಳಿಯುತ್ತದೆ.

ಪ್ರಿಯರೇ, ಈ ವರ್ಷ ಗೆಳೆಯರೊಡನೆ ಹೊರಡುವ ಯೋಚನೆ ಇದ್ದರೆ ಜಾಗ ಆರಿಸುವ ಮೊದಲು, ಗಾಡಿ ಗೊತ್ತು ಮಾಡುವ ಮೊದಲು ಒಂದು ಕೆಲಸ ಮಾಡಿ. ಹೋದ ಸಲ "ಕೆಲಸ ಐತಿ" ಎಂದು ಹಿಂದೆ ಉಳಿದವನ ಮನೆಗೆ ಹೋಗಿ, ಅಲ್ಲಿ ಚಹಾ ಕುಡಿದು, "ಎಲ್ಲಿಗೆ ಹೋಗೂಣು, ಹೆಂಗ ಹೋಗೂಣು, ನೀನs ಹೇಳು" ಎಂದು ಕೇಳಿ. ಯೋಜನೆ ಅಲ್ಲಿಂದ ಶುರುವಾಗಲಿ.